ಅರಳಿ ಮರದ ಮುಯ್ಯಿ

ಜೀಪು ಮತ್ತೆ ಹಿಂದೆ ಬಂತು.

ಈ ಸಲ ಹಾರ್ನ್ ಕೂಡ ಹೊಡೆಯಲಿಲ್ಲ.

ಹೊಳಲ್ಕೆರೆ ದಾಟಿ ಹೊಸದುರ್ಗದ ರಸ್ತೆ. ಎಪ್ಪತ್ತಮೂರರ ಬೇಸಿಗೆ. ನನ್ನ ಜಾವಾ ಬೈಕಿಗೆ ವಯಸ್ಸಾಗಿತ್ತು, ಜೀಪು ಹೊಸದು. ಎಡಕ್ಕೆ ತಿರುಗಿಸಿದೆ. ಬಂಪರ್ ಸೈಲೆನ್ಸರಿಗೆ ತಾಗಿತು. ಅಷ್ಟೇ... ಬೈಕು ಒಂದು ಕಡೆ, ನಾನೊಂದು ಕಡೆ.

ಬಾಯಲ್ಲಿ ಮಣ್ಣು. ಮೊಣಕೈಯಲ್ಲಿ ರಕ್ತ. ಎದ್ದು ಕೂರುವಷ್ಟರಲ್ಲಿ ಕುತ್ತಿಗೆಯ ಮೇಲೆ ಮಚ್ಚು ಬಂತು.

"ದುಡ್ಡೆಲ್ಲೈತೆ ಜಂಪಣ್ಣ?"

ಮಚ್ಚು ಹಿಡಿದವನು ದಾಸಣ್ಣ. ಹಿರಿಯೂರಿನ ಬಡ್ಡಿ ಸಾಹುಕಾರ ಮುರುಗಪ್ಪನ ಬಲಗೈ. ಹಿಂದೆ ಇನ್ನಿಬ್ಬರು ನಿಂತಿದ್ದರು.

"ಯಾವ ದುಡ್ಡು?"

"ನೀನು ಭೀಮಸಮುದ್ರದ ಅಡಿಕೆ ಮಂಡಿಗೆ ಹೋಗಿದ್ದೆ. ಗಿರಣಿ ಬೊಮ್ಮಕ್ಕನ ಸಲುವಾಗಿ ಸಾಲ ಎತ್ತಿದೀಯ. ಸುದ್ದಿ ಬಂದೈತೆ."

"ಹೋಗಿದ್ದೆ. ಕೊಡ್ಲಿಲ್ಲ."

"ಚೀಲ ಬಿಚ್ರಲೇ."

ಬಿಚ್ಚಿದರು. ರಸ್ತೆಗೆ ಸುರಿದರು. ಒಂದು ನೋಟೂ ಬೀಳಲಿಲ್ಲ. ಬಿದ್ದದ್ದು ಲಗ್ನಪತ್ರಿಕೆಗಳು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ, ಅಗ್ಗದ ಗುಲಾಬಿ ಕಾಗದ.

ದಾಸಣ್ಣ ಒಂದನ್ನು ಎತ್ತಿ ತಡೆತಡೆದು ಓದಿದ. "ಯಾರ ಮದುವೆ ಲೇ ಇದು?"

"ಅರಳಿ ಮರದ್ದು. ಬೇವಿನ ಮರದ ಜೊತೆ. ಬೊಮ್ಮಕ್ಕನ ಹಿತ್ತಲಲ್ಲಿ."

ಮೂವರೂ ನಕ್ಕರು. ಮಚ್ಚು ಕುತ್ತಿಗೆಯಿಂದ ಕೆಳಗಿಳಿಯಿತು. ನಗುವವನಿಗೆ ಕುತ್ತಿಗೆ ಕಡಿಯಲು ಆಗುವುದಿಲ್ಲ, ಇದು ನನ್ನ ಅನುಭವ.

"ಗಿರಣಿ ಹೋಗೋ ದಿನ ಮರಕ್ಕೆ ಮದುವೆ ಮಾಡ್ತಾಳಾ? ತಲೆ ಕೆಟ್ಟೈತೆ ಮುದುಕಿಗೆ."

"ಸಾವ್ಕಾರ್ರಿಗೂ ಒಂದು ತಗಂಡೋಗು. ಕರೀಲಿಲ್ಲ ಅನ್ಬಾರ್ದು."

ತೆಗೆದುಕೊಂಡು ಹೋದ. ಹೋಗುವಾಗ ನನ್ನ ಟೈರು ಕೊಯ್ದ. ಬೈಕು ತಳ್ಳಿಕೊಂಡು ಹೊಸದುರ್ಗದ ಕಡೆ ಹೊರಟೆ. ಸಿಟ್ಟು ನೆತ್ತಿಗೇರಿತ್ತು. ಆದರೂ ಒಳಗೊಳಗೇ ಖುಷಿಯಾಗಿತ್ತು ಸ್ವಾಮಿ. ಹೇಗೆ ತಲುಪಿಸುವುದೆಂದು ನಾನು ತಲೆ ಕೆಡಿಸಿಕೊಂಡಿದ್ದ ಪತ್ರಿಕೆ ಅದೊಂದೇ. ಅದನ್ನು ಅವರೇ ಒಯ್ದಿದ್ದರು.

ನಾನು ಯಾರು ಅಂತ ಹೇಳಲಿಲ್ಲ ಅಲ್ಲವೇ? ದುರ್ಗದ ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜೇ ನನ್ನ ಆಫೀಸು. ಆಗದ ಕೆಲಸ ಮಾಡಿಸಿಕೊಡುವುದು ಕಸುಬು. ಕೆಲವರು ಬ್ರೋಕರ್ ಅನ್ನುತ್ತಾರೆ, ಪೊಲೀಸರು ಬೇರೆ ಏನೋ ಅನ್ನುತ್ತಾರೆ.

ಬೊಮ್ಮಕ್ಕ ಹರಿಯಬ್ಬೆಯವಳು. ಗಂಡ ಬಿಟ್ಟುಹೋದದ್ದು ಒಂದು ಹಿಟ್ಟಿನ ಗಿರಣಿ. ಮಕ್ಕಳಿಲ್ಲ. ಗಿರಣಿಯ ಮೋಟರ್ ಸುಟ್ಟಾಗ ಮುರುಗಪ್ಪನ ಹತ್ತಿರ ಸಾಲ ತಂದಳು. ತಿಂಗಳಿಗೆ ನೂರಕ್ಕೆ ಹತ್ತು ಬಡ್ಡಿ. ಸೋಮವಾರ ಹೊತ್ತು ಮುಳುಗುವುದರೊಳಗೆ ಸಾವಿರದ ಐನೂರು ಕಟ್ಟದಿದ್ದರೆ ಗಿರಣಿ ಅವನದು. ಹಾಗಂತ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ.

ನ್ಯಾಯದ ಬಡ್ಡಿಗೆ ಸಾಲ ಹುಡುಕಿಕೊಡು ಅಂತ ನನ್ನ ಹತ್ತಿರ ಬಂದಳು.

ಮೊದಲು ಬ್ಯಾಂಕಿಗೆ ಹೋದೆವು. ಬ್ಯಾಂಕುಗಳು ಸರ್ಕಾರದ್ದಾಗಿ ನಾಲ್ಕು ವರ್ಷ. ಬಡವರಿಗೆ ಸಾಲ ಅಂತ ಗೋಡೆಯ ಮೇಲೆ ಬರೆಸಿದ್ದರು. ಅದರ ಕೆಳಗೇ ಕೂತಿದ್ದ ಮ್ಯಾನೇಜರ್ ಕೇಳಿದ, "ಜಾಮೀನು ಯಾರಮ್ಮ?"

"ನನ್ನ ಗಿರಣಿ ಐತಲ್ರಿ."

"ಅದು ಆಗಲೇ ಬೇರೆಯವರ ಹತ್ತಿರ ಅಡ ಇದೆ. ಯಾರಾದರೂ ಇಬ್ಬರು ಆಸ್ತಿವಂತರು ಸಹಿ ಹಾಕಲಿ."

ಅಂಥವರು ಸಿಗಲಿಲ್ಲ. ಸೊಸೈಟಿಯಲ್ಲಿ ಪಹಣಿ ಕೇಳಿದರು, ಅವಳಿಗೆ ಜಮೀನೇ ಇಲ್ಲ. ಅಡಿಕೆ ಮಂಡಿಯವನು ಬೊಮ್ಮಕ್ಕನ ಕಿವಿಯ ಓಲೆ ನೋಡಿದ. ಅದು ಹಿತ್ತಾಳೆ. ಕೈ ಆಡಿಸಿ ಕಳಿಸಿದ.

ಸೋತು ಬಂದು ಅವಳ ಮನೆಯ ಜಗಲಿಯ ಮೇಲೆ ಕೂತೆ. ಅವಳು ಸೀರೆ ಬದಲಿಸಿ ಹೊರಟಿದ್ದಳು. ಸೆರಗಿನ ತುದಿಗೆ ಐದು ರೂಪಾಯಿ ಕಟ್ಟಿದ್ದಳು.

"ಎಲ್ಲಿಗಕ್ಕ?"

"ಕಾಟಯ್ಯನ ಮಗಳ ಮದುವೆ. ಮುಯ್ಯಿ ಹಾಕ್ಬೇಕು."

"ನಿನ್ನ ಗಿರಣಿ ಹೋಗ್ತಾ ಐತೆ..."

"ಹೋದ್ರೆ ಹೋಗ್ಲಿ. ಮದುವೆ ಮನೆಗೆ ಬರಿಗೈಲಿ ಹೋಗಾಕಾಗ್ತದೇನಪ್ಪ? ಇಪ್ಪತ್ತೈದು ವರ್ಷದಿಂದ ಒಂದು ಮನೇನೂ ಬಿಟ್ಟಿಲ್ಲ."

"ನಿನಗೆ ತಿರುಗಿ ಹಾಕಿದೋರು ಯಾರು?"

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು.

"ನಮ್ಮನೇಲಿ ಏನು ಕಾರ್ಯ ಆಗೈತೆ ಜಂಪಣ್ಣ, ಹಾಕಾಕೆ?"

ನಾನು ಎದ್ದು ನಿಂತೆ. ಇಷ್ಟು ವರ್ಷ ಬಡ್ಡಿಯಿಲ್ಲದೆ ಮೂರು ತಾಲ್ಲೂಕಿಗೆ ಸಾಲ ಕೊಟ್ಟ ಬ್ಯಾಂಕು ನನ್ನ ಮುಂದೆ ನಿಂತು ಅಳುತ್ತಿತ್ತು!

ಹಿತ್ತಲಲ್ಲಿ ಒಂದು ಅರಳಿ ಸಸಿ, ಒಂದು ಬೇವಿನ ಸಸಿ ಒಟ್ಟಿಗೆ ಬೆಳೆದಿದ್ದವು. ಮಕ್ಕಳಿಲ್ಲದವರು ಅರಳಿಗೆ ಬೇವನ್ನು ತಂದು ಮದುವೆ ಮಾಡುವುದು ನಮ್ಮ ಕಡೆ ಹೊಸದೇನಲ್ಲ. ಮದುವೆ ಅಂದಮೇಲೆ ಮದುವೆ. ಮುಯ್ಯಿ ಹಾಕಿಸಿಕೊಂಡವರು ತಿರುಗಿ ಹಾಕಲೇಬೇಕು, ಮೇಲೊಂದು ರೂಪಾಯಿ ಸೇರಿಸಿ. ಹೊಸದಾಗಿ ಹಾಕಿದವರಿಗೆ ಅವರ ಮನೆ ಕಾರ್ಯಕ್ಕೆ ಅವಳು ತೀರಿಸಬೇಕು. ಹೆಬ್ಬೆಟ್ಟಿಲ್ಲ, ಜಾಮೀನಿಲ್ಲ. ಪತ್ರಿಕೆ ಅಚ್ಚು ಹಾಕಿಸಿ ಹಂಚಲು ಹೊರಟಾಗಲೇ ಆ ಜೀಪು ಬೆನ್ನು ಹತ್ತಿದ್ದು.

ಸೋಮವಾರ ಬಂತು.

ಚಪ್ಪರ, ವಾಲಗ, ಹೋಳಿಗೆ. ಸಾಮಾನು ಕೊಟ್ಟ ಅಂಗಡಿಯವನೂ ಅವಳ ಮುಯ್ಯಿ ಉಂಡವನೇ. ಗಾಡಿಗಳಲ್ಲಿ, ಬಸ್ಸಿನಲ್ಲಿ, ನಡೆದುಕೊಂಡು ಜನ ಬಂದರು. ಮುಯ್ಯಿ ಕೂಗುವ ಚಿತ್ತಯ್ಯ ಹಿತ್ತಾಳೆ ತಟ್ಟೆ ಇಟ್ಟುಕೊಂಡು ಮರದ ಬುಡದಲ್ಲಿ ಕೂತಿದ್ದ.

"ಹೊಸದುರ್ಗದ ನಿಂಗಕ್ಕ... ಆರು ರೂಪಾಯಿ!"

ಹೊತ್ತು ಇಳಿಯುವಾಗ ಜೀಪು ಬಂತು. ದಾಸಣ್ಣನ ಹಿಂದೆ ಮುರುಗಪ್ಪ ಇಳಿದ. ಬಿಳಿ ಜುಬ್ಬ, ಕೈಯಲ್ಲಿ ಕರಾರು ಪತ್ರ. ಗಿರಣಿ ಬೀಗದ ಕೈ ತೆಗೆದುಕೊಂಡು ಹೋಗಲು ಬಂದಿದ್ದ.

"ಬರ್ರಿ ಸಾವ್ಕಾರ್ರೆ, ಕುಂತ್ಕಳ್ರಿ. ಹೊತ್ತಿನ್ನೂ ಐತೆ. ಊಟ ಮಾಡ್ರಿ," ಅಂದೆ.

ಹೋಳಿಗೆಗೆ ತುಪ್ಪ ನಾನೇ ಬಡಿಸಿದೆ. ಅವನು ಎರಡನೆಯ ಹೋಳಿಗೆ ಮುರಿಯುವಾಗ ನೋಟು ತುಂಬಿದ ಮುಯ್ಯಿ ತಟ್ಟೆಯ ಕಡೆ ನೋಡಿದ. ಅಗಿಯುವುದು ನಿಂತಿತು. ದಾಸಣ್ಣನಿಗೆ ಕಣ್ಸನ್ನೆ ಮಾಡಿದ.

ಮರುಕ್ಷಣ ನನ್ನ ಪಕ್ಕೆಗೆ ಚಾಕು.

"ತಟ್ಟೆ ಎತ್ಕಂಡು ಜೀಪಿಗೆ ನಡಿ. ಸದ್ದು ಮಾಡಿದ್ರೆ ಕರುಳು ಕೀಳ್ತೀನಿ."

ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು.

"ದಾಸಣ್ಣ, ಸಾಲಲ್ಲಿ ಯಾರು ನಿಂತವ್ರೆ ನೋಡು."

ನೋಡಿದ. ಅವನ ತಾಯಿ ಹುಚ್ಚಕ್ಕ. ಮುಷ್ಟಿಯಲ್ಲಿ ನೋಟು.

"ನಿನ್ನ ಮದುವೇಲಿ ಬೊಮ್ಮಕ್ಕ ಹಾಕಿದ್ದು. ತೀರ್ಸಾಕೆ ಬಂದವ್ಳೆ ನಿಮ್ಮವ್ವ. ಅವಳ ಕಣ್ಣೆದುರಿಗೇ ತಟ್ಟೆ ಎತ್ತಾಣೇನು?"

ಚಾಕು ಅಲ್ಲೇ ಇತ್ತು... ತುದಿ ಅಂಗಿ ದಾಟಿ ಚರ್ಮಕ್ಕೆ ತಾಗಿತ್ತು.

"ಹರಿಯಬ್ಬೆ ಹುಚ್ಚಕ್ಕ... ಹನ್ನೊಂದು ರೂಪಾಯಿ!"

ಚಾಕು ಹಿಂದೆ ಸರಿಯಿತು. ದಾಸಣ್ಣ ತಲೆ ತಗ್ಗಿಸಿ ಚಪ್ಪರದಿಂದ ಹೊರಗೆ ಹೋದ.

ಬೊಮ್ಮಕ್ಕ ಎಣಿಸಿದಳು. ನೂರು ಕಡಿಮೆ. ಸೂರ್ಯ ಗಿರಣಿಯ ಸೂರಿಗೆ ಇಳಿದಿದ್ದ. ಸಾಲಿನಲ್ಲಿ ಯಾರೂ ಉಳಿದಿರಲಿಲ್ಲ.

ಮುರುಗಪ್ಪ ಕೈ ತೊಳೆದು ಬಂದ. "ಆಯ್ತೇನಮ್ಮ? ಬೀಗದ ಕೈ ಕೊಡು."

ನಾನು ಚಿತ್ತಯ್ಯನಿಗೆ ತಲೆಯಾಡಿಸಿದೆ. ಅವನು ಎದ್ದು ನಿಂತ. ಅವನ ಗಂಟಲು ಊರಾಚೆಗೂ ಕೇಳಿಸುತ್ತದೆ.

"ಹಿರಿಯೂರು ಮುರುಗಪ್ಪನವರು..."

ಚಪ್ಪರವೆಲ್ಲ ಮುರುಗಪ್ಪನತ್ತ ತಿರುಗಿತು.

ಮುರುಗಪ್ಪ ಒಂದು ಕಾಲದಲ್ಲಿ ಬೊಮ್ಮಕ್ಕನ ಗಂಡನ ಗೆಳೆಯ. ಅವನ ದೊಡ್ಡ ಮಗಳ ಮದುವೆಗೆ ಗಂಡ ಹೆಂಡತಿ ಮೈಮೇಲಿನ ಬೆಳ್ಳಿ ಮಾರಿ ನೂರಾ ಒಂದು ಹಾಕಿದ್ದರು. ಆಗ ಅದನ್ನೂ ಚಿತ್ತಯ್ಯನೇ ಕೂಗಿದ್ದ. ಅಲ್ಲಿ ಕೂತಿದ್ದ ಅರ್ಧ ಜನ ಕೇಳಿದ್ದರು.

"ನಾನು ಬಂದಿದ್ದು ವ್ಯವಹಾರಕ್ಕೆ," ಅಂದ ಮುರುಗಪ್ಪ.

"ಊಟ ಮಾಡಿದ್ರಲ್ಲ," ಅಂದಳು ಬೊಮ್ಮಕ್ಕ. ಅಷ್ಟೇ ಅಂದಳು.

ನಾನು ಅವನ ಕಿವಿಯ ಹತ್ತಿರ ಬಗ್ಗಿದೆ.

"ಮುಂದಿನ ತಿಂಗಳು ಎರಡನೇ ಮಗಳ ಮದುವೆ ಅಂತೆ. ಇವರೆಲ್ಲ ಬರ್ಬೇಕು ತಾನೇ?"

ಅವನು ಸೂರ್ಯನನ್ನು ನೋಡಿದ, ಜನರನ್ನು ನೋಡಿದ. ಆಮೇಲೆ ಜುಬ್ಬದ ಜೇಬಿಗೆ ಕೈ ಹಾಕಿದ.

"ಮುರುಗಪ್ಪನವರು... ನೂರಾ ಎರಡು ರೂಪಾಯಿ!"

ಬೊಮ್ಮಕ್ಕ ಅದನ್ನು ಮಿಕ್ಕ ದುಡ್ಡಿನ ಜೊತೆ ಸೇರಿಸಿ, ಎರಡು ರೂಪಾಯಿ ಆಚೆಗಿಟ್ಟು, ಉಳಿದದ್ದನ್ನು ಅವನ ಕೈಗೇ ಕೊಟ್ಟಳು. ಎಲ್ಲರೆದುರಿಗೆ ಕರಾರು ಪತ್ರ ಇಸಿದುಕೊಂಡಳು. ಪತ್ರವನ್ನು ಹರಿದು ಹೋಳಿಗೆ ಒಲೆಗೆ ಹಾಕಿದಳು. ಆ ಎರಡು ರೂಪಾಯಿ ನನ್ನ ಫೀಸು. ಟೈರಿಗಿರಲಿ, ಪೆಟ್ರೋಲಿಗೂ ಸಾಲದು.

ಜೀಪು ಹತ್ತುವಾಗ ಮುರುಗಪ್ಪ ನನ್ನ ಕಾಲರ್ ಹಿಡಿದು ಹತ್ತಿರಕ್ಕೆಳೆದ. ಬಾಯಿಂದ ತುಪ್ಪದ ವಾಸನೆ.

"ಈ ಮುಯ್ಯಿ ತೀರಿಸ್ದೆ ಬಿಡಲ್ಲ ಲೇ ಜಂಪಣ್ಣ."

ಕಾಲರ್ ಬಿಡಿಸಿಕೊಂಡೆ.

"ತೀರಿಸ್ರಿ ಸಾವ್ಕಾರ್ರೆ. ಮೇಲೊಂದು ರೂಪಾಯಿ ಮರೀಬೇಡ್ರಿ."