ಮಂಗಳವಾರದ ಡಾಕ್ಟರು

"ಲೇ ಹನುಮಿ, ನಿನ್ ಬಾಟ್ಲಿ ಹಿಂದಕ್ಕಿಡು. ನಮ್ದು ಕೋಳಿ ಕೂಗೋ ಹೊತ್ಗೇ ಮಡಗಿರೋದು," ಎಂದು ಕರಿಬಸಮ್ಮಜ್ಜಿ ಜಗಲಿಯ ಆ ತುದಿಯಿಂದಲೇ ಗದರಿದಳು.

ಹನುಮಿ ನಾಲಿಗೆ ಕಚ್ಚಿಕೊಂಡಳು. ಮೆಲ್ಲಗೆ ಮುಂದೆ ಸರಿಸಿದ್ದ ಬಾಟಲಿಯನ್ನು ಮೆಲ್ಲಗೇ ಹಿಂದಕ್ಕಿಟ್ಟಳು. ಅಜ್ಜಿಗೆ ಕಣ್ಣು ಮಂಜಾಗಿದೆ ಎಂದು ಊರೆಲ್ಲ ಹೇಳುತ್ತದೆ. ಬಾಟಲಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಬೇರೆ ಊರುಗಳಲ್ಲಿ ಜನ ಸಾಲು ನಿಲ್ಲುತ್ತಾರೆ. ಜಾಲಿಗುಂಟೆಯ ಆಸ್ಪತ್ರೆಯಲ್ಲಿ ಬಾಟಲಿಗಳು ನಿಲ್ಲುತ್ತವೆ. ಡಾಕ್ಟರು ಬರುವುದು ವಾರಕ್ಕೊಂದೇ ಸಲ, ಮಂಗಳವಾರ. ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಅವರ ಜೀಪಿಗೇ ಗೊತ್ತು. ಅಲ್ಲಿಯವರೆಗೆ ಹೊಲಮನೆ ಬಿಟ್ಟು ಕೂತಿರಲು ಯಾರಿಗೆ ಆಗುತ್ತದೆ? ಅದಕ್ಕೇ ಔಷಧಿಗೆ ತಂದ ಬಾಟಲಿಯನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು ಹೋಗುತ್ತಾರೆ. ಹರಳೆಣ್ಣೆ ಬಾಟಲಿ, ಶಾಯಿ ಬಾಟಲಿ, ಎಷ್ಟು ತೊಳೆದರೂ ಸೀಮೆಎಣ್ಣೆ ವಾಸನೆ ಬಿಡದ ಬಾಟಲಿ, ಎಲ್ಲವೂ ಬೂದಿಯಲ್ಲಿ ತಿಕ್ಕಿಸಿಕೊಂಡು ಮದುವೆಗೆ ಹೊರಟವರ ಹಾಗೆ ಕೂತಿರುತ್ತವೆ. ಬಾಟಲಿ ಎಲ್ಲಿದೆಯೋ ಅಲ್ಲೇ ಅದರವರ ಸರದಿ.

ಹಾಗೆಂದು ಜಾಲಿಗುಂಟೆಯ ಆಸ್ಪತ್ರೆ ಸಣ್ಣದೇನಲ್ಲ. ಕಟ್ಟಡವಿದೆ, ಬೋರ್ಡಿದೆ, ಡಾಕ್ಟರು ಉಳಿಯಲಿ ಎಂದು ಹಿಂದೆಯೇ ಒಂದು ಕ್ವಾರ್ಟರ್ಸೂ ಇದೆ. ಉಳಿಯುವ ಡಾಕ್ಟರೇ ಇಲ್ಲ. ಒಬ್ಬರು ಬಂದಿದ್ದರಂತೆ. ಕ್ವಾರ್ಟರ್ಸ್ ನೋಡಿದರು, ಊರು ನೋಡಿದರು, ಬಂದ ಬಸ್ಸು ವಾಪಸ್ ಹೊರಟಾಗ ಅದರಲ್ಲೇ ಕೂತು ಹೋದರು. ಈಗ ಆ ಮನೆಯಲ್ಲಿ ಪಟೇಲರ ಕಡ್ಲೆಕಾಯಿ ಮೂಟೆಗಳು ಹಾಯಾಗಿ ಮಲಗಿವೆ. ಮಿಕ್ಕ ದಿನ ಕಾಂಪೌಂಡರ್ ಶಂಕರಲಿಂಗಪ್ಪನವರು ಗಾಯಕ್ಕೆ ಟಿಂಚರ್ ಹಚ್ಚುತ್ತಾರೆ, ಕೆಮ್ಮಿಗೆ ಕೆಂಪು ಔಷಧಿ ಕೊಡುತ್ತಾರೆ. ಅದಕ್ಕಿಂತ ಹೆಚ್ಚಿನದಾದರೆ ಮಂಗಳವಾರದವರೆಗೆ ತಡೆದುಕೊಳ್ಳಬೇಕು.

ಹನುಮಿಯ ತಮ್ಮ ತಿಪ್ಪ ತಡೆದುಕೊಂಡಿದ್ದ. ಅವನಿಗೆ ನಾಲ್ಕು ವರ್ಷ. ಶನಿವಾರ ಜ್ವರ ಬಂತು. ಭಾನುವಾರ ಗಂಟಲು ಕಟ್ಟಿತು. ಈಗ ಕತ್ತು ಊದಿಕೊಂಡು ಗಲ್ಲಕ್ಕೆ ಸಮವಾಗಿತ್ತು. ಉಸಿರೆಳೆದರೆ ಗೊರ ಗೊರ ಸದ್ದು. "ಅಕ್ಕಾ" ಎಂದು ಕರೆದರೂ ಬರೀ ಗಾಳಿ ಬರುತ್ತಿತ್ತು. ಅಪ್ಪ ಬೋರಯ್ಯ ಗಾಡಿ ಕಟ್ಟಿಕೊಂಡು ಮಧುಗಿರಿಗೆ ಹೋಗಿದ್ದವನು ಇನ್ನೂ ಬಂದಿರಲಿಲ್ಲ. ಅವ್ವ ಕಣ್ಣು ಮುಚ್ಚದೆ ಕೂತಿದ್ದಳು.

ಹನುಮಿ ಮನೆಗೆ ಬಂದಾಗ ಅವ್ವ ಪಿಸುಮಾತಿನಲ್ಲಿ ಒಂದು ವಿಷಯ ಹೇಳಿದಳು. ಯಾರಾದರೂ ಕೇಳಿದರೆ ತಮ್ಮನಿಗೆ ಜಾಸ್ತಿಯಾಗಿದೆ ಅನ್ನಬಾರದು.

"ಅಸ್ತು ದೇವತೆಗಳು ತಲೆ ಮ್ಯಾಲೇ ತಿರುಗ್ತಿರ್ತಾವೆ ಕಣವ್ವ. ನಾವ್ ಕೆಟ್ಟದ್ದು ಆಡುದ್ರೆ ಅಸ್ತು ಅಂದ್ಬುಡ್ತಾವೆ. ಅಂಗೇ ಆಗೋಗ್ತದೆ."

ಅವ್ವನಿಗೆ ಈ ಭಯ ಸುಮ್ಮನೆ ಬಂದದ್ದಲ್ಲ. ಹನುಮಿಯ ನಂತರ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಅದಕ್ಕೇ ಈ ಹುಡುಗ ಹುಟ್ಟಿದ ದಿನವೇ ಅಪ್ಪನ ತಾಯಿ ಅವನನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ ಎಂದು ಹೆಸರಿಟ್ಟಿದ್ದಳು. ತಿಪ್ಪೆಗೆ ಎಸೆದ ಕೂಸು ಯಾರಿಗೆ ಬೇಕು, ಸಾವಿಗೂ ಬೇಡ ಎಂಬ ಲೆಕ್ಕ. ಆ ಲೆಕ್ಕ ನಾಲ್ಕು ವರ್ಷ ಸರಿಯಾಗಿಯೇ ಇತ್ತು.

ಜೀಪು ಬಂದಾಗ ಸೂರ್ಯ ನೆತ್ತಿಗೆ ಬಂದಿದ್ದ. ಹನುಮಿ ಓಡಿ ಹೋಗಿ ಅವ್ವನನ್ನು ಕರೆತಂದಳು. ಅವ್ವ ತಿಪ್ಪನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ಅಷ್ಟರಲ್ಲಿ ಡಾಕ್ಟರು ಅಲ್ಲಿರಲಿಲ್ಲ. ಪಟೇಲರ ತಾಯಿಗೆ ಮಂಡಿನೋವಂತೆ, ಜೀಪಿನಿಂದ ಇಳಿಯುತ್ತಿದ್ದಂತೆಯೇ ಆಳು ಬಂದು ಕರೆದುಕೊಂಡು ಹೋಗಿದ್ದ. ಪಟೇಲರ ಮನೆಯ ಬಾಟಲಿ ಎಂದೂ ಜಗಲಿಯಲ್ಲಿ ಕೂತಿದ್ದಿಲ್ಲ.

ಕಾದು ಕಾದು ಹನುಮಿಗೆ ತಡೆಯಲಾಗಲಿಲ್ಲ. ಪಟೇಲರ ಮನೆಯವರೆಗೂ ಹೋದಳು. ಡಾಕ್ಟರು ಊಟಕ್ಕೆ ಕೂತಿದ್ದಾರೆ ಎಂದು ಆಳು ಹೇಳಿದ. ಎಲೆಯ ಮುಂದೆ ಕೂತವರನ್ನು ಎಬ್ಬಿಸಬಾರದು ಎಂಬುದು ಅವಳಿಗೂ ಗೊತ್ತಿತ್ತು. ಬಾಗಿಲಲ್ಲಿ ಅವರ ಧೂಳು ಹಿಡಿದ ಬೂಟುಗಳಿದ್ದವು. ಅವನ್ನೇ ನೋಡುತ್ತ ನಿಂತಳು.

ಕೊನೆಗೂ ಡಾಕ್ಟರು ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಕಣ್ಣು ಮಾತ್ರ ನಿದ್ದೆಗೆಟ್ಟ ಮುದುಕರ ಕಣ್ಣು. ನಾಲ್ಕೈದು ಜನರನ್ನು ನೋಡಿರಬೇಕು, ಒಬ್ಬ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ. ಪಕ್ಕದ ಹಳ್ಳಿಯಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ಇಬ್ಬರು ಸಿಕ್ಕಿಕೊಂಡಿದ್ದಾರೆ, ಒಬ್ಬನಿಗೆ ಜೀವ ಇದೆ ಎಂದ.

ಡಾಕ್ಟರು ಎದ್ದರು. ಚೀಲ ಹಿಡಿದುಕೊಂಡು ಜಗಲಿಯ ಸಾಲಿನ ಉದ್ದಕ್ಕೂ ಬೇಗ ಬೇಗ ನಡೆದರು. ಒಬ್ಬೊಬ್ಬರನ್ನೂ ಒಂದೇ ಮಾತು ಕೇಳುತ್ತಿದ್ದರು, ಹಿಂದೆ ಬರುತ್ತಿದ್ದ ಕಾಂಪೌಂಡರಿಗೆ ಯಾವ ಔಷಧಿ ಎಂದು ಹೇಳುತ್ತಿದ್ದರು. ಅವ್ವನ ಮುಂದೆ ಬಂದರು.

"ಏನಮ್ಮ, ಮಗೂಗೆ ಜಾಸ್ತಿ ಇದೆಯಾ?"

ಅವ್ವ ಕಂಬಳಿಯನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡಳು.

"ಅಂಥಾದ್ದೇನಿಲ್ಲ ಬುದ್ಧಿ. ಒಸಿ ಗಂಟ್ಲು ನೋವು."

ಹನುಮಿ ಬಾಯಿ ತೆರೆದಳು. ನೀರು ಕುಡಿಯೋಲ್ಲ, ಮಾತಾಡೋಲ್ಲ, ಮೂರು ದಿನದಿಂದ ಹಿಂಗೇ ಎಂದು ಎಲ್ಲ ಹೇಳಬೇಕೆನಿಸಿತು. ಅವ್ವ ಅವಳ ಕೈಯನ್ನು ಜೋರಾಗಿ ಹಿಸುಕಿದಳು. ಹನುಮಿಗೂ ಭಯವಾಯಿತು. ತಾನು ಅಂದು, ಅದು ಹಾಗೇ ಆಗಿಬಿಟ್ಟರೆ? ತೆರೆದ ಬಾಯಿ ಮುಚ್ಚಿಕೊಂಡಳು. ಗಂಟಲಿನ ಔಷಧಿ ಕೊಡಿ ಎಂದು ಡಾಕ್ಟರು ಮುಂದೆ ಹೋದರು. ಜೀಪಿನ ಧೂಳು ಜಗಲಿಯ ಮೇಲೆಲ್ಲ ಬಂತು.

ಶಂಕರಲಿಂಗಪ್ಪನವರು ಬಾಟಲಿ ತುಂಬಿಸಿ ಕೊಟ್ಟರು. ಅಲ್ಲೇ ಒಂದು ಗುಟುಕು ಕುಡಿಸಿದರೆ ಔಷಧಿ ಹೊಟ್ಟೆಗೆ ಇಳಿಯಲಿಲ್ಲ, ತಿಪ್ಪನ ಮೂಗಿನಿಂದ ಹೊರಗೆ ಬಂತು. ಕಾಂಪೌಂಡರು ಅದನ್ನು ಕಂಡು ಗಾಬರಿಯಾದರು. ಮುಂಚೆಯೇ ಹೇಳಬಾರದಿತ್ತೇನಮ್ಮ ಎಂದು ಕೇಳಿದರು. ಈ ಜ್ವರಕ್ಕೆ ತಮ್ಮ ಕೈಯಲ್ಲಿ ಏನೂ ಆಗುವುದಿಲ್ಲ, ಈಗ ಬರುವ ಬಸ್ಸು ಹಿಡಿದು ಶಿರಾದ ಆಸ್ಪತ್ರೆಗೆ ಹೋಗಿಬಿಡಿ, ಡಾಕ್ಟರೂ ಅಲ್ಲಿಗೇ ಬರುತ್ತಾರೆ ಎಂದರು.

ಅವ್ವನಿಗೆ ಓದು ಬಾರದು. ಹನುಮಿ ನಾಲ್ಕನೇ ಕ್ಲಾಸು. ಬೋರ್ಡು ಓದಲು ಅವಳೂ ಹೊರಟಳು.

ಬಸ್ಸು ಕುಲುಕುತ್ತ ಹೋಗುತ್ತಿತ್ತು. ತಿಪ್ಪನ ಕಾಲು ಹನುಮಿಯ ತೊಡೆಯ ಮೇಲಿತ್ತು, ಕಾದ ಹೆಂಚಿನಂತೆ ಸುಡುತ್ತಿತ್ತು. ಶಿರಾದವರು ಎಷ್ಟು ಪುಣ್ಯವಂತರು ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು. ತಮಗೆ ವಾರಕ್ಕೊಂದು ಹೊತ್ತು, ಅದರಲ್ಲೂ ಅರ್ಧ ಪಟೇಲರ ಮನೆಗೆ. ಅವರಿಗೆ ಡಾಕ್ಟರು ಮಿಕ್ಕ ಎಲ್ಲ ದಿನವೂ ಸಿಗುತ್ತಾರೆ. ದೊಡ್ಡ ಆಸ್ಪತ್ರೆ ಅಂದಮೇಲೆ ರೂಮಿಗೊಬ್ಬ ಡಾಕ್ಟರು ಇರುತ್ತಾರೆ. ಇವರಿಲ್ಲದಿದ್ದರೆ ಇನ್ನೊಬ್ಬರು ನೋಡುತ್ತಾರೆ. ಹೀಗೆ ಅಂದುಕೊಂಡ ಮೇಲೆ ಅವಳಿಗೆ ಸ್ವಲ್ಪ ಧೈರ್ಯ ಬಂತು.

ಶಿರಾದ ಆಸ್ಪತ್ರೆಯ ವೆರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಲ್ಲಿ ಬಾಟಲಿಗಳಲ್ಲ, ಜನರೇ ಕೂತಿದ್ದರು, ಮಲಗಿದ್ದರು. ಬಾಗಿಲಲ್ಲಿದ್ದ ಅಟೆಂಡರನಿಗೆ ಹನುಮಿ ಡಾಕ್ಟರು ಬೇಕು ಎಂದಳು.

"ಡಾಕ್ಟ್ರಿಲ್ಲ ಮಗಾ. ಮಂಗ್ಳವಾರ ಅಲ್ವಾ, ಜಾಲಿಗುಂಟೆ ಕ್ಯಾಂಪು."

"ನಾವೂ ಜಾಲಿಗುಂಟೆಯೋರೇ. ಅಲ್ಲಿಂದ ಆಗ್ಲೇ ಹೊಂಟೋದ್ರು. ಇನ್ನೊಬ್ರು ಡಾಕ್ಟ್ರು ಅವ್ರಲ್ಲ, ಅವ್ರನ್ನ ಕರೀರಿ."

ಅಟೆಂಡರ್ ಅವಳನ್ನೇ ನೋಡಿದ. ಇನ್ನೊಬ್ಬರಿಗೆ ವರ್ಗವಾಗಿ ವರ್ಷವಾಯಿತು, ಆ ಜಾಗಕ್ಕೆ ಯಾರೂ ಬಂದಿಲ್ಲ, ಈ ಕಡೆಗೆ ಅಂದರೆ ಯಾವ ಡಾಕ್ಟರೂ ಒಪ್ಪುವುದಿಲ್ಲ, ಎಲ್ಲರಿಗೂ ಬೆಂಗಳೂರೇ ಬೇಕು ಎಂದು ಬೇಸರದಿಂದ ಹೇಳಿದ. ಆಮೇಲೆ ತಿಪ್ಪನ ಉಸಿರಿನ ಸದ್ದು ಕೇಳಿ ನರ್ಸಮ್ಮನನ್ನು ಕರೆತಂದ. ನರ್ಸಮ್ಮ ಟಾರ್ಚು ಬಿಟ್ಟು ಗಂಟಲು ನೋಡಿದರು. ಅವರ ಮುಖ ಚಿಕ್ಕದಾಯಿತು. ಬಾಗಿಲ ಪಕ್ಕದ ಬೆಂಚಿನ ಮೇಲಿದ್ದವರನ್ನು ಎಬ್ಬಿಸಿ ಅವ್ವನನ್ನು ಕೂರಿಸಿದರು. ಇದಕ್ಕೆ ಡಾಕ್ಟರೇ ಬೇಕು, ಅವರು ಬಂದ ಕೂಡಲೇ ಮೊದಲು ನೀವೇ ಎಂದು ಹೇಳಿ ಒಳಗೆ ಓಡಿದರು.

ಮೊದಲು ನಾವೇ. ಹನುಮಿ ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡಳು. ಈ ಸಲ ಯಾರ ಹಿಂದೆಯೂ ಇಲ್ಲ.

ಬೆಂಚಿನ ಕೆಳಗೆ, ಗೋಡೆಯ ಬದಿಗೆ ಚಾಪೆಯ ಮೇಲೆ ಒಬ್ಬಳು ತುಂಬು ಬಸುರಿ ಮಲಗಿದ್ದಳು. ಜಮೀಲಾ ಅಂತ. ಒಳಗೆ ಮಂಚ ಖಾಲಿ ಇರಲಿಲ್ಲ. ನೋವು ಬಂದಾಗಲೆಲ್ಲ ಸೆರಗು ಕಚ್ಚಿಕೊಳ್ಳುತ್ತಿದ್ದಳು. ಅವಳ ತಾಯಿ ಅಮೀರ್ ಬಿ ಬೀಸಣಿಗೆ ಬೀಸುತ್ತ, ಕೂಸು ಅಡ್ಡ ತಿರುಗಿಕೊಂಡಿದೆಯಂತೆ, ನರ್ಸಮ್ಮನ ಕೈಲಿ ಆಗುವುದಿಲ್ಲವಂತೆ ಎಂದು ಅವ್ವನಿಗೆ ಹೇಳಿದಳು. ಆಮೇಲೆ ಹನುಮಿಯ ಕಡೆ ತಿರುಗಿದಳು.

"ಸುಬೂದಿಂದ, ಹೊತ್ತು ಹುಟ್ಟಿದಾಗ್ನಿಂದ ಇಲ್ಲೇ ಬಿದ್ದಿದೀವಿ ಬೇಟಿ. ಡಾಕ್ಟರ್ ಸಾಬ್ ಅದ್ಯಾವ್ದೋ ಜಾಲಿಗುಂಟೆಗೆ ಹೋಗವ್ರಂತೆ. ಆ ಊರ್ನೋರು ಅವ್ರನ್ನ ಬಿಡೋದೇ ಇಲ್ವಂತೆ. ನಮ್ ಕಡೆ ಯಾರು ನೋಡ್ತಾರೆ?"

ತಾನು ಆ ಊರಿನವಳೇ ಎಂದು ಹೇಳಲು ಹನುಮಿಗೆ ಬಾಯಿ ಬರಲಿಲ್ಲ. ತಲೆ ತಗ್ಗಿಸಿದಳು. ತಾನು ಅಲ್ಲಿ ಜೀಪಿಗೆ ಕಾಯುತ್ತಿದ್ದಾಗ ಈ ಅಕ್ಕ ಇಲ್ಲಿ ಅದೇ ಜೀಪಿಗೆ ಕಾಯುತ್ತಿದ್ದಳು. ಡಾಕ್ಟರು ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದು ತಾನು ಅಲ್ಲಿ ದೇವರಿಗೆ ಕೈ ಮುಗಿಯುತ್ತಿದ್ದಾಗ, ಬೇಗ ಬರಲಿ ಎಂದು ಇವರು ಇಲ್ಲಿ ಬೇಡಿಕೊಳ್ಳುತ್ತಿದ್ದರು. ಈಗ ಮೂರನೆಯ ಊರಿನಲ್ಲಿ ಬಾವಿಯ ದಡದಲ್ಲಿ ಇನ್ಯಾರೋ ಅವರ ಕೈ ಹಿಡಿದುಕೊಂಡಿರಬೇಕು. ಬಸ್ಸಿನಲ್ಲಿ ಬಂದಿದ್ದ ಧೈರ್ಯವೆಲ್ಲ ಇಳಿದುಹೋಯಿತು.

ಬಿಸಿಲು ವೆರಾಂಡದಿಂದ ಅಂಗಳಕ್ಕೆ ಇಳಿಯಿತು. ಅಮೀರ್ ಬಿ ತನ್ನ ಗಂಟಿನಿಂದ ಒಂದು ರೊಟ್ಟಿ ತೆಗೆದು ಹನುಮಿಗೆ ಕೊಟ್ಟಳು. ಹನುಮಿ ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಾಗಲಿಲ್ಲ. ತಿಪ್ಪನ ಗೊರಗೊರ ಒಮ್ಮೆ ಜೋರಾಗುತ್ತಿತ್ತು, ಒಮ್ಮೆ ಸಣ್ಣಗಾಗುತ್ತಿತ್ತು. ನರ್ಸಮ್ಮ ಎರಡು ಸಲ ಬಂದು ನೋಡಿದರು, ಎರಡು ಸಲವೂ ಗೇಟಿನ ಕಡೆ ನೋಡಿ ಒಳಗೆ ಹೋದರು.

ಆಮೇಲೆ ಯಾವಾಗಲೋ ಆ ಸದ್ದು ಕೇಳಿಸದಾಯಿತು.

ಅವ್ವ ಸೆರಗಿನಿಂದ ಗಾಳಿ ಬೀಸುತ್ತಲೇ ಇದ್ದಳು. "ಈಗ್ ನಿದ್ದೆ ಬಂತು ನೋಡು. ಮೂರ್ ದಿನ ಆಗಿತ್ತು ನಿದ್ದೆ ಮಾಡಿ," ಎಂದಳು.

ಹನುಮಿ ಕಂಬಳಿಯೊಳಗೆ ಕೈ ಹಾಕಿ ತಮ್ಮನ ಪಾದ ಹಿಡಿದಳು. ಬಸ್ಸಿನಲ್ಲಿ ಸುಡುತ್ತಿದ್ದ ಪಾದ. ಅದನ್ನು ಉಜ್ಜಿದಳು. ಮತ್ತೆ ಉಜ್ಜಿದಳು. ಅವ್ವನ ಮುಖ ನೋಡಿದಳು. ಅವ್ವ ಅವಳ ಕಡೆ ತಿರುಗಲಿಲ್ಲ. ಹನುಮಿಗೆ ಎದೆ ಒಡೆದುಹೋಗುವ ಹಾಗೆ ಅಳು ಬಂತು. ತಾನು ಅತ್ತರೆ ಅವ್ವನಿಗೆ ಗೊತ್ತಾಗಿಬಿಡುತ್ತದೆ ಎಂದು ನುಂಗಿಕೊಂಡಳು.

ಗೇಟಿನಲ್ಲಿ ಜೀಪು ನಿಂತಿತು. ವೆರಾಂಡಕ್ಕೆ ವೆರಾಂಡವೇ ಎದ್ದು ನಿಂತಿತು. ಡಾಕ್ಟರ ಅಂಗಿಯೆಲ್ಲ ಕೆಮ್ಮಣ್ಣಾಗಿತ್ತು. ಜನ ಮುತ್ತಿಕೊಂಡರು. ಅಟೆಂಡರ್ ಅವರನ್ನೆಲ್ಲ ಹಿಂದಕ್ಕೆ ಸರಿಸಿ ದಾರಿ ಮಾಡಿದ. ಮೊದಲು ಈ ಮಗು, ಜಾಲಿಗುಂಟೆಯದು ಎಂದ.

ಡಾಕ್ಟರು ಅವ್ವನ ಮುಂದೆ ಬಂದು ನಿಂತರು. ಗುರುತು ಸಿಕ್ಕಿತೋ ಏನೋ, ಅವರ ಮುಖ ಒಂದು ತರಹ ಆಯಿತು.

"ನಿದ್ದೆ ಹತ್ತೈತೆ ಬುದ್ಧಿ. ಅಂಥಾದ್ದೇನಿಲ್ಲ," ಎಂದಳು ಅವ್ವ.

ಕೆಳಗೆ ಚಾಪೆಯ ಮೇಲೆ ಜಮೀಲಾ ಸೆರಗು ಕಚ್ಚಿಕೊಂಡಿದ್ದರೂ ನರಳಿದಳು. ಅಮೀರ್ ಬಿ ಮುಂದೆ ಬರಲಿಲ್ಲ. ಸರದಿ ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ಮಗಳ ತಲೆ ಹಿಡಿದುಕೊಂಡು ಅಲ್ಲಿಂದಲೇ ಡಾಕ್ಟರನ್ನು ನೋಡುತ್ತಿದ್ದಳು.

ಹನುಮಿ ಬೆಂಚಿನಿಂದ ಇಳಿದಳು.

"ಆ ಅಕ್ಕನ್ನ ಮೊದ್ಲು ನೋಡಿ ಬುದ್ಧಿ," ಎಂದಳು. "ನಮ್ದು ಇನ್ನ ಅರ್ಜೆಂಟಿಲ್ಲ."

ಡಾಕ್ಟರು ಬಗ್ಗಿ ತಿಪ್ಪನ ಕೈ ಹಿಡಿದು ನೋಡಿದರು. ಹಿಡಿದ ಕೈಯನ್ನು ಮೆಲ್ಲಗೆ ಕಂಬಳಿಯೊಳಗೆ ಇಟ್ಟರು. ಹನುಮಿಯನ್ನು ನೋಡಿದರು. ಜಮೀಲಾಳನ್ನು ಚಾಪೆಯ ಸಮೇತ ಎತ್ತಿ ಎಂದು ಅಟೆಂಡರಿಗೆ ಹೇಳಿ ಒಳಗೆ ಹೋದರು. ನಾಲ್ಕು ಜನ ಸೇರಿ ಎತ್ತಿದರು. ಬಾಗಿಲು ಮುಚ್ಚಿತು.

ಅವ್ವ ಗಾಳಿ ಬೀಸುವುದನ್ನು ನಿಲ್ಲಿಸಿರಲಿಲ್ಲ. ಹನುಮಿ ಮತ್ತೆ ಬೆಂಚು ಹತ್ತಿ ಅವಳಿಗೆ ಒತ್ತಿಕೊಂಡು ಕೂತಳು. ಕಂಬಳಿಯ ತುದಿಯನ್ನು ಎಳೆದು ತಮ್ಮನ ಪಾದಗಳ ಮೇಲೆ ಹೊದಿಸಿದಳು.