ಎಗರ್ ಎಗರಿಸಿದ ಪ್ರಕರಣ

ಇದು ನಡೆದ ಕತೆ. ನಡಿಗೆಯ ಬಗ್ಗೆಯೇ ಇರುವ ಕತೆಯಾದ್ದರಿಂದ ನಡೆಯದೆ ಇರಲು ಸಾಧ್ಯವೂ ಇರಲಿಲ್ಲ.

೨೦೧೨ರ ಮೇ ೧೨, ಶನಿವಾರ, ಬೆಳಿಗ್ಗೆ ೯.೧೦. ಕುವೈತಿನ ಸಲ್ವಾದಲ್ಲಿರುವ ಕಂಪನಿ ವಸತಿ ಕಟ್ಟಡದ ಕಾವಲು ಕೋಣೆಗೆ ಮೂರನೇ ಮಹಡಿಯ ಅಲೋಶಿಯಸ್ ದೂರು ತಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಎ.ಸಿ.ಯಿಂದ ಬಾಗಿಲಿಗೆ, ಬಾಗಿಲಿನಿಂದ ಎ.ಸಿ.ಗೆ ನಡೆಯುತ್ತಲೇ ಹೇಳಿದರು:

"ನನ್ನ ಎಗರ್ ಅನ್ನು ಯಾರೋ ಎಗರಿಸಿದ್ದಾರೆ ಇನ್‌ಸ್ಪೆಕ್ಟ್ರೇ!"

ಇನ್‌ಸ್ಪೆಕ್ಟರ್ ಎಂದರೆ ರಾಯಪ್ಪ. ಬಾಗಲಕೋಟೆ ಕಡೆ ಪೊಲೀಸ್ ನೌಕರಿ ಮುಗಿಸಿ, ಇಲ್ಲಿ ಸೆಕ್ಯುರಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಖಾಕಿ ಬಿಟ್ಟರೂ ಎಫ್‌ಐಆರ್ ಬಿಟ್ಟಿರಲಿಲ್ಲ. ಗಾರ್ಡ್ ಅಮರೇಶನನ್ನು ಕಾನ್‌ಸ್ಟೇಬಲ್ ಎಂದೇ ಕರೆಯುತ್ತಿದ್ದರು.

"ಎಗರ್ ಅಂದ್ರ ಏನ್ರಿ? ಕೋಳಿ ಏನು?"

"ಹಂಗೇರಿಯ ಹಳೇ ಊರು ಮಾರಾಯ್ರೆ! ನಮ್ಮ ಮದುವೆಗೆ ಇಪ್ಪತ್ತೈದು ವರ್ಷ. ಸೋಮವಾರ ವಿಮಾನ. ಗೈಡ್ ಬೇಡ, ಕಾಗದ ಹಿಡಿದು ನಾವೇ ನಡೆದು ನೋಡುವುದು ಅಂತ ಇಂಟರ್ನೆಟ್‌ನಿಂದ ಪ್ರಿಂಟ್ ತೆಗೆದಿದ್ದೆ. ಮೂವತ್ತೊಂದು ಜಾಗ, ಒಂದೇ ದಿನ!"

"ಆ ಕಾಗದ ಕಳದದ ಏನು?"

"ಬದಲಾಗಿದೆ! ಪ್ರಿಂಟ್ ತೆಗೆದಾಗ ತಲೆಬರಹ ಮಾತ್ರ ನೋಡಿದ್ದೆ. ನಿನ್ನೆ ನಮ್ಮ ಸಂಘದ ಹಾಲ್‌ನಲ್ಲಿ ನೂರು ಜನರ ಎದುರು ಓದಿದೆ. ಜೆರೋಮ್ ಹೋದ ವರ್ಷ ಎಗರ್ ನೋಡಿ ಬಂದವ. ಎದ್ದು ನಿಂತು, 'ಈ ಪದ್ಧತಿ ಯಾವ ಊರಿದ್ದು ಅಲೋಶಿಯಸ್?' ಅಂದ. ಇಡೀ ಹಾಲ್ ನಕ್ಕಿತು. ಕಳ್ಳ ಸಿಗದಿದ್ದರೆ ಖಲಾಸ್, ಟಿಕೆಟ್ ಕ್ಯಾನ್ಸಲ್. ಸುಳ್ಳು ಕಾಗದ ಹಿಡಿದು ನಾನು ಊರು ಸುತ್ತುವುದಿಲ್ಲ!"

ರಾಯಪ್ಪ ವಸ್ತು ಸಾಕ್ಷ್ಯವನ್ನು ಬೆಳಕಿಗೆ ಹಿಡಿದು ಓದಿದರು. ನೋಡುವ ಜಾಗಗಳು ಹತ್ತೇ ಉಳಿದಿದ್ದವು. 'ಕೋಟೆ: ಕೆಳಗಿನಿಂದ ನೋಡುವುದೇ ಚೆಂದ.' 'ಮಿನಾರು: ತೊಂಬತ್ತೇಳು ಮೆಟ್ಟಿಲು, ಹತ್ತುವವರನ್ನು ಊರವರು ಮರ್ಯಾದಸ್ಥರೆಂದು ಎಣಿಸುವುದಿಲ್ಲ.' 'ನೂರು ಹೆಜ್ಜೆಗೊಂದು ಬೆಂಚು. ಹದಿನೈದು ನಿಮಿಷ ಕೂರುವುದು ಇಲ್ಲಿನ ಪದ್ಧತಿ. ಆಗ ಗಂಡಸರು ಮಾತಾಡುವಂತಿಲ್ಲ.' 'ದೊಡ್ಡ ಇಗರ್ಜಿ: ಶುಕ್ರವಾರ ಬೆಳಿಗ್ಗೆ ಪೂಜೆಗೆ ವಿಪರೀತ ಜನ.'

"ಯಾರ ಮ್ಯಾಲೆ ಅನುಮಾನ?"

"ಟ್ರೆವರ್! ಬೇರೆ ಯಾರು?"

೯.೫೦. ಎರಡನೇ ಮಹಡಿಯ ಟ್ರೆವರ್‌ನನ್ನು ಅಮರೇಶ ಕರೆತಂದ. ಮ್ಯಾನೇಜರನ ದನಿಯಲ್ಲಿ ಫೋನ್ ಮಾಡಿ ಇಡೀ ಆಫೀಸಿಗೆ ರಜೆ ಕೊಟ್ಟ ಹಳೆಯ ದಾಖಲೆ ಅವನ ಮೇಲಿತ್ತು. ಕಾಗದ ಓದಿದವನ ಮುಖ ಸಪ್ಪಗಾಯಿತು.

"ಛೇ! ನಾನಾಗಿದ್ರೆ ಅಲೋಶಿಯಸ್ ಅಂಕಲನ್ನು ಎಮ್ಮೆ ಸಂತೆಗೆ ಕಳಿಸ್ತಿದ್ದೆ ಸರ್. ಇದರಲ್ಲಿ ಜೋಕ್ ಎಲ್ಲುಂಟು? ಬೆಂಚು, ಬೆಂಚು, ಮತ್ತೆ ಬೆಂಚು. ಇದನ್ನು ಬರೆದವರಿಗೆ ನಗಿಸುವುದು ಬೇಡ. ಕೂರುವುದು ಬೇಕು."

ಅವನನ್ನು ಬಿಟ್ಟುಕಳಿಸಲಾಯಿತು. ಪಕ್ಕಾ ಕಸುಬುದಾರನ ಸಾಕ್ಷ್ಯ ಅದು.

ರಾಯಪ್ಪ ಪೆನ್ನಿನಿಂದ ಒಂದು ಸಾಲು ಕುಟ್ಟಿದರು. "ಕಾನ್‌ಸ್ಟೇಬಲ್, ಹಂಗೇರಿಯೊಳಗ ವಾರದ ಪೂಜಿ ಯಾವತ್ತು?"

"ರವಿವಾರ ಇರ್ತದ್ರಿ ಸರ್. ಎಲ್ಲಾ ಕಡೆ ಚರ್ಚಿನಾಗ."

"ಇಲ್ಲೆ?"

"ಶುಕ್ರವಾರ. ರಜಾ ಅವತ್ತ ಅಲ್ರಿ? ಮುಂಜಾನಿ ಏಳಕ್ಕ ಕಾರಿಗೆ ದಾರಿ ಬಿಡಿಸಿ ಬಿಡಿಸಿ ನನ್ನ ಸೀಟಿ ತೂತು ಬಿದ್ದದ."

"ಅಂದ್ರ ಇದನ್ನ ಬರದವರು ಕುವೈತಿನಾಗ ಭಾಳ ವರ್ಷ ಇಗರ್ಜಿಗೆ ಹೋದವರು. ಶುಕ್ರವಾರ ಅಂತ ಕೈ ತಾನ ಬರದದ. ಓದಿದ ಇವರಿಗೂ ತಪ್ಪು ಕಾಣಲಿಲ್ಲ."

ಅಲೋಶಿಯಸ್ ನಡಿಗೆಯ ವೇಗ ಹೆಚ್ಚಿಸಿದರು. "ಯಲ್ಲಾ ಇನ್‌ಸ್ಪೆಕ್ಟ್ರೇ, ಬೇಗ ಮನೆಗೆ ಬಂದು ಪಂಚನಾಮೆ ಮಾಡಿ! ಹನ್ನೆರಡಕ್ಕೆ ಟ್ರಾವೆಲ್ಸ್‌ನವ ಅಂಗಡಿ ಮುಚ್ಚುತ್ತಾನೆ."

೧೧.೧೫. ಮೂವರೂ ಮೂರನೇ ಮಹಡಿಗೆ ಹೊರಟರು. ಲಿಫ್ಟ್ ಕೆಟ್ಟು ಎರಡು ತಿಂಗಳಾಗಿತ್ತು. ಅಲೋಶಿಯಸ್ ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋಗಿಯೇಬಿಟ್ಟರು. ಮೊದಲ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಮುಂದಿನ ತಿರುವಿನಲ್ಲಿ ಇನ್ನೊಂದು. ರಾಯಪ್ಪ ನಿಂತರು.

"ಕಾನ್‌ಸ್ಟೇಬಲ್, ಈ ಕುರ್ಚಿ ಯಾರು ಇಟ್ಟಿದ್ದು?"

"ನಾನ್ರಿ. ಲಿಜ್ಜಿ ಅಕ್ಕಾರು ಹೇಳಿದ್ರು. ಅಲೋಶಿಯಸ್ ಸಾಹೇಬ್ರಿಗೆ ತಿಳಿಸಬ್ಯಾಡ ಅಂದಿದ್ರು."

ಅಲೋಶಿಯಸ್ ಗಮನಿಸದೆಯೇ ದಾಟಿಹೋಗಿದ್ದ ಮೂರನೇ ಕುರ್ಚಿಯಲ್ಲಿ ಅವರದೇ ಹೆಂಡತಿ, ನರ್ಸ್ ಲಿಜ್ಜಿ ಕೂತಿದ್ದರು. ಎರಡೂ ಬದಿಯಲ್ಲಿ ತರಕಾರಿ ಚೀಲ, ಎರಡೂ ಕೈ ಮೊಣಕಾಲ ಮೇಲೆ. ರಾಯಪ್ಪನ ಕೈಯಲ್ಲಿದ್ದ ಕಾಗದ ನೋಡಿ ಏಳಲು ಹೊರಟರು.

"ಕೂಡ್ರಿ ಅಕ್ಕಾ. ನೋವು ಯಾವಾಗಿಂದ?"

"ಎರಡು ವರ್ಷ ಆಯ್ತು."

"ಅಸಲು ಕಾಗದ?"

"ಕುಚ್ಚಲಕ್ಕಿ ಡಬ್ಬಿಯಲ್ಲಿ ಉಂಟು. ಇದು ಆಸ್ಪತ್ರೆ ಕಂಪ್ಯೂಟರಿನಲ್ಲಿ ನಾನೇ ಹೊಡೆದದ್ದು."

"ಗಂಡಗ ಹೇಳಬೇಕಿತ್ತಲ್ಲ?"

"ಹೇಳಿದ್ರೆ ಟಿಕೆಟ್ ಕ್ಯಾನ್ಸಲ್! ಬೆನ್ನು ನೋವು ಅಂದದ್ದಕ್ಕೆ ಇಸ್ತಾಂಬುಲ್ ಕ್ಯಾನ್ಸಲ್ ಮಾಡಿದ ಜನ ಇವರು." ಲಿಜ್ಜಿ ಗಂಡನ ದನಿಯನ್ನೇ ತೆಗೆದರು: "'ನೀನು ರೆಸ್ಟ್ ಮಾಡು ಲಿಜ್ಜೀ!' ನನಗೆ ರೆಸ್ಟ್ ಬೇಕು ಸರ್. ಆದ್ರೆ ಎಗರಿನಲ್ಲಿ ಬೇಕು."

ಮೇಲಿನ ಕಂಬಿ ಹಿಡಿದು ಅಲೋಶಿಯಸ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೆಳಗಿನಿಂದ ಮೊದಲ ಸಲ ಅವರ ಕಾಲುಗಳು ನಿಂತಿದ್ದವು.

೧೧.೨೫ಕ್ಕೆ ಆರೋಪಿಯನ್ನು ಕುರ್ಚಿ ಸಮೇತ ಬಂಧಿಸಲಾಯಿತು. ಪ್ರೇರಣೆ ಎಂಬಲ್ಲಿ ರಾಯಪ್ಪ ಬರೆದರು: 'ಇಪ್ಪತ್ನಾಲ್ಕು ವರ್ಷ ವಾರ್ಡಿನಲ್ಲಿ ನಿಂತೇ ಕೆಲಸ. ಒಂದು ಊರನ್ನಾದರೂ ಕೂತು ನೋಡುವ ಆಸೆ.' ಪೆನ್ನು ಮುಚ್ಚುವ ಮುನ್ನ ಏನೋ ನೆನಪಾಯಿತು.

"ಮೊಣಕಾಲಿಗೆ ಬೆಂಚು. ತಿಳೀತು. ಆದ್ರ ಗಂಡಸರು ಮಾತಾಡಬಾರದು ಅಂತ ಯಾಕ ಬರದ್ರಿ?"

"ಅದು ಮೊಣಕಾಲಿಗಲ್ಲ ಸರ್," ಎಂದರು ಲಿಜ್ಜಿ. "ಕಿವಿಗೆ."

ಅಮರೇಶ ಕೈ ಅಡ್ಡ ಹಿಡಿದು ನಕ್ಕ. ರಾಯಪ್ಪನ ಮೀಸೆ ಕುಣಿಯಿತು. ಮೇಲಿನ ಮೆಟ್ಟಿಲ ಮೇಲೆ ಧೊಪ್ಪೆಂದು ಕೂತ ಅಲೋಶಿಯಸ್ ಮಾತ್ರ, "ಆ ಪದ್ಧತಿ ನಂಬಿ ನಾಲ್ಕು ದಿನದಿಂದ ಬಾಯಿ ಮುಚ್ಚಿ ಕೂರುವ ಪ್ರಾಕ್ಟೀಸ್ ಮಾಡುತ್ತಾ ಇದ್ದೇನೆ ಮಾರಾಯ್ತಿ!" ಎಂದು ಮೂರೂ ಮಹಡಿಯ ಬಾಗಿಲುಗಳು ತೆರೆದುಕೊಳ್ಳುವ ಹಾಗೆ ನಕ್ಕರು.