ಉಸಿರೆತ್ತದ ಮೊಟ್ಟೆಗಳು

ಏಳು ಮೊಟ್ಟೆಗಳನ್ನು ಕೊಂದ ಆರೋಪ ಹೊತ್ತು ಆ ಹುಡುಗಿ ನಮ್ಮ ಕ್ಲಿನಿಕ್ಕಿಗೆ ಬಂದಾಗ ನಾನು ಔಷಧಿ ಬಾಟಲಿಗಳ ಧೂಳು ಒರೆಸುತ್ತಿದ್ದೆ. ನಮ್ಮ ಡಾಕ್ಟರಮ್ಮ ಶ್ವಾಸಕೋಶದ ವೈದ್ಯೆ, ನಾನು ಅವರ ಕಾಂಪೌಂಡರ್. ಅವರ ಹತ್ತಿರ ಕೆಮ್ಮಿನವರು ಕಡಿಮೆಯಾಗಿ ಒಗಟಿನವರು ಹೆಚ್ಚಾಗಿ ಬಹಳ ಕಾಲವಾಗಿತ್ತು. ಒಗಟಿನವರು ಸರದಿಯಲ್ಲಿ ಕೂರುವುದಿಲ್ಲ ಎಂಬುದು ನನ್ನ ಗೊಣಗಾಟ.

"ನಾನು ನಿದ್ದೆ ಮಾಡಿಲ್ಲ ಡಾಕ್ಟರಮ್ಮ, ಮೆಷಿನ್ ಆಫ್ ಮಾಡಿಲ್ಲ, ಇವತ್ತು ಸಂಜೆಯೊಳಗೆ ತಪ್ಪೊಪ್ಪಿಕೊಂಡು ಕೆಲಸ ಬಿಡು ಅಂತಿದ್ದಾರೆ," ಎಂದಳು ಒಂದೇ ಉಸಿರಿನಲ್ಲಿ.

"ಮೊದಲು ಉಸಿರಾಡು. ಆಮೇಲೆ ಮಾತಾಡು," ಎಂದರು ಡಾಕ್ಟರಮ್ಮ.

ಅವಳು ಪಕ್ಷಿಧಾಮದಲ್ಲಿ ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರವನ್ನು ನೋಡಿಕೊಳ್ಳುವವಳು. ಅಪರೂಪದ ಕೊಕ್ಕರೆಗಳ ಮರವೊಂದು ಬಿರುಗಾಳಿಗೆ ಉರುಳಿದಾಗ, ಆಗ ತಾನೇ ಇಟ್ಟಿದ್ದ ಏಳು ಮೊಟ್ಟೆಗಳನ್ನು ತಂದಿದ್ದರು. ಅಂದು ಯಂತ್ರದ ಕೋಣೆಯಲ್ಲಿ ವೈರಿಂಗ್ ರಿಪೇರಿ. ಹಾಗಾಗಿ ಅವು ಒಂದು ರಾತ್ರಿ ಸ್ಟೋರಿನಲ್ಲಿದ್ದವು. ಮರುದಿನ ಅದೇ ಮರದ ಬುಡದ ಹುಲ್ಲಿನಲ್ಲಿ ಎಂಟನೆಯದು ಇವಳ ಕಣ್ಣಿಗೆ ಬಿತ್ತು. ಅದನ್ನು ನೇರವಾಗಿ ಯಂತ್ರದಲ್ಲೇ ಇಟ್ಟಳು. ಈಗ ಮರಿಯಾಗುವ ಹೊತ್ತಿಗೆ ಏಳೂ ಸತ್ತಿದ್ದವು.

"ಎಂಟನೆಯದು?"

"ಗೊತ್ತಿಲ್ಲಮ್ಮ. ಎಲ್ಲಾ ಒಟ್ಟಿಗೆ ಹೂತುಬಿಡಿ ಅಂದಿದ್ದಾರೆ ಮ್ಯಾನೇಜರು. ನನ್ನನ್ನ ಕೋಣೆಯೊಳಗೇ ಬಿಡ್ತಿಲ್ಲ."

ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮ್ಯಾನೇಜರ್ ಇರಬೇಕು ಅಂದುಕೊಂಡೆ. ಹೋಗಿ ನೋಡಿದರೆ ಹಾಗೇ ಇದ್ದರು. ಆದರೂ ಡಾಕ್ಟರಮ್ಮನ ಹೆಸರಿಗೆ ಹೆದರಿ ಬೀಗ ತೆಗೆಸಿದರು.

ಕೋಣೆ ಕತ್ತಲು ಮಾಡಿ, ಡಾಕ್ಟರಮ್ಮ ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದರು. ಮೊಟ್ಟೆಯ ಮೊಂಡು ತುದಿಯಲ್ಲಿ ಒಂದು ಗಾಳಿಚೀಲವಿರುತ್ತದಂತೆ. ಏಳರಲ್ಲೂ ಅದು ಬಟಾಣಿಯಷ್ಟೇ ಇತ್ತು. ಎಂಟನೆಯದರಲ್ಲಿ ದೊಡ್ಡದಾಗಿತ್ತು, ಆದರೆ ಉಳಿದ ಭಾಗ ಕಪ್ಪಗೆ ಕಂಡಿತೇ ಹೊರತು ಜೀವ ಇದೆಯೋ ಇಲ್ಲವೋ ತಿಳಿಯಲಿಲ್ಲ. ಅವರು ಏಳರಲ್ಲೊಂದನ್ನೂ ಎಂಟನೆಯದನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದರು.

"ಏಳಕ್ಕೆ ಮಾರ್ಕರಿನ ಗುರುತು, ಎಂಟನೆಯದಕ್ಕೆ ಮಾತ್ರ ಪೆನ್ಸಿಲ್ಲು. ಯಾಕೆ?"

"ಅವುಗಳ ಮೇಲೆ ಪೆನ್ಸಿಲ್ ಜಾರ್ತಿತ್ತಮ್ಮ, ಕೂರ್ತಾನೇ ಇರ್ಲಿಲ್ಲ. ಆಮೇಲೆ ಅವು ಹಗುರಾಗ್ತಾನೂ ಇರ್ಲಿಲ್ಲ. ಎಲ್ಲರ ಮುಂದೇನೇ ಹೇಳ್ದೆ. ಮೆಷಿನ್ ಸರಿಯಾಗಿ ನೋಡ್ಕೋ ಅಂದ್ರು."

ಆ ರಾತ್ರಿ ಸ್ಟೋರಿಗೆ ಹೋದವರು ಮೂವರು. ಮೊಟ್ಟೆ ಇಡಿಸಿದ ಮ್ಯಾನೇಜರು, ದಿನಸಿಗೆ ಬಂದ ಕ್ಯಾಂಟೀನಿನ ಅಡುಗೆಯವರು ಮತ್ತು ಬೀಗದ ಕೈ ಇಟ್ಟುಕೊಂಡಿದ್ದ ಸ್ಟೋರ್‌ಕೀಪರ್. ಈತ ಮ್ಯಾನೇಜರರ ಭಾವಮೈದುನ, ಸಗಟು ಅಂಗಡಿ ಮುಚ್ಚಿ ಅಕ್ಕನ ಕೃಪೆಯಿಂದ ಇಲ್ಲಿ ಸೇರಿದ್ದ. ಮೂವರೂ ಮೊಟ್ಟೆ ಮುಟ್ಟಿಲ್ಲ ಎಂದರು.

"ಕಾಂಪೌಂಡರೇ, ಮನೆಗೆ ಹೋಗಿ ನಿಮ್ಮ ಕೋಳಿ ಇಟ್ಟ ಮೊಟ್ಟೆ ಒಂದು ತನ್ನಿ," ಎಂದರು ಡಾಕ್ಟರಮ್ಮ. ಏಕೆ ಎಂದು ಕೇಳುವ ಕಾಲ ನನಗೆ ಎಂದೋ ಮುಗಿದಿತ್ತು.

ಸಂಜೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಿದೆವು. ಮೇಜಿನ ಮೇಲೆ ಗಾಜಿನ ಬೋಗುಣಿಗಳಲ್ಲಿ ಬಿಸಿನೀರು. ಹುಡುಗಿ ಎಂಟನೆಯ ಮೊಟ್ಟೆಯನ್ನು ಬೆಚ್ಚಗೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು.

"ಮೀನಿಗೆ ಕಿವಿರು, ಕಪ್ಪೆಗೆ ಚರ್ಮ, ಮಿಡತೆಗೆ ಪಕ್ಕೆಯ ತೂತು. ಮೊಟ್ಟೆಗೂ ಉಸಿರಿದೆ. ಚಿಪ್ಪಿನ ತುಂಬ ಕಣ್ಣಿಗೆ ಕಾಣದ ತೂತುಗಳು. ಬಿಸಿನೀರಿಗೆ ಬಿಟ್ರೆ ಒಳಗಿನ ಗಾಳಿ ಗುಳ್ಳೆಯಾಗಿ ಬರುತ್ತೆ," ಎಂದು ಡಾಕ್ಟರಮ್ಮ ಸತ್ತ ಮೊಟ್ಟೆಯೊಂದನ್ನು ಬಿಟ್ಟರು. ಒಂದು ಗುಳ್ಳೆಯೂ ಬರಲಿಲ್ಲ. ಕ್ಯಾಂಟೀನಿನ ಕೋಳಿಮೊಟ್ಟೆ ಬಿಟ್ಟರು. ಅದರಲ್ಲೂ ಇಲ್ಲ.

ಮ್ಯಾನೇಜರ್ ನಕ್ಕರು. "ನಿಮ್ಮ ಪಾಠ ಮೊಟ್ಟೆಗೇ ಗೊತ್ತಿಲ್ಲ ಅನ್ಸುತ್ತೆ!"

ನನಗೆ ಅವಮಾನವಾಯಿತು. ಡಾಕ್ಟರಮ್ಮ ಮಾತ್ರ ನನ್ನ ಕೋಳಿಯ ಮೊಟ್ಟೆಯನ್ನು ನೀರಿಗಿಳಿಸಿದರು. ಸಾಸಿವೆಯಂಥ ಗುಳ್ಳೆಗಳು ಚಿಪ್ಪಿನ ಮೇಲೆಲ್ಲ ಮೂಡಿ, ಸಾಲುಗಟ್ಟಿ ಮೇಲೇರಿದವು. ಮ್ಯಾನೇಜರರ ನಗು ನಿಂತಿತು.

"ಉಸಿರಾಡೋ ಮೊಟ್ಟೆ ನೀರಿನಂಶ ಬಿಟ್ಟು ದಿನಾ ಹಗುರಾಗುತ್ತೆ, ಗಾಳಿಚೀಲ ದೊಡ್ಡದಾಗುತ್ತೆ. ಮೆಷಿನ್ ಕೆಟ್ಟು ಮರಿ ಸತ್ತಿದ್ರೂ ನೀರು ಆರಲೇಬೇಕಿತ್ತು. ಈ ಏಳು ಮೊದಲಿನಷ್ಟೇ ಭಾರ. ಅಂದ್ರೆ ಯಾರೋ ಚಿಪ್ಪಿಗೆ ಎಣ್ಣೆ ಸವರಿ ತೂತು ಮುಚ್ಚಿದ್ದಾರೆ. ಪೆನ್ಸಿಲ್ ಜಾರಿದ್ದೂ ಅದಕ್ಕೇ. ಎಂಟನೆಯದು ಸ್ಟೋರು ಕಾಣಲಿಲ್ಲ, ಅದಕ್ಕೆ ಎಣ್ಣೆ ಹತ್ತಲಿಲ್ಲ." ಅವರು ಅಡುಗೆಯವರ ಕಡೆ ತಿರುಗಿದರು. "ನಿಮ್ಮ ಮೊಟ್ಟೆ ಎಷ್ಟು ದಿನ ಕೆಡದೆ ಇರುತ್ತೆ?"

"ತಿಂಗಳಾದ್ರೂ ಏನೂ ಆಗಲ್ಲಮ್ಮ. ಎಲ್ಲಾ ನಮ್ಮ ಸ್ಟೋರಿನವರ ಕೈಗುಣ."

ಎಲ್ಲರ ಕಣ್ಣೂ ಸ್ಟೋರ್‌ಕೀಪರನ ಮೇಲೆ ಬಿತ್ತು. ಅವನು ಕುರ್ಚಿಯ ತುದಿಗೆ ಸರಿದ.

"ಅಂಗಡೀಲಿ ಮೊಟ್ಟೆಗೆ ಎಣ್ಣೆ ಒರೆಸಿಯೇ ಇಡ್ತಿದ್ವಿ. ಕೆಡಲ್ಲ, ತೂಕ ಇಳಿಯಲ್ಲ. ಅವತ್ತೂ ಕೆಡಬಾರದು ಅಂತಾನೇ ಒರೆಸಿದೆ," ಎಂದ.

"ಗೊತ್ತಾಗಿದ್ದು ಯಾವಾಗ?"

"ಹಗುರಾಗ್ತಿಲ್ಲ ಅಂತ ಇವಳು ಹೇಳಿದ ದಿನ."

"ಪಾಪ, ತಿಳೀದೆ ಮಾಡಿದ್ದಾನೆ," ಎಂದರು ಮ್ಯಾನೇಜರು.

"ಎಣ್ಣೆ ಸವರಿದ್ದು ತಿಳೀದೆ. ಅದಕ್ಕೆ ನಾನು ಬೈಯಲ್ಲ. ಆದ್ರೆ ಈ ಹುಡುಗಿ ಮೇಲೆ ಗೂಬೆ ಕೂರಿಸುವಾಗ ನೀನು ಉಸಿರೆತ್ತಲಿಲ್ಲಪ್ಪ. ಅದು ತಿಳಿದೇ ಮಾಡಿದ್ದು."

ಮ್ಯಾನೇಜರು ಹುಡುಗಿಯ ಮುಂದಿದ್ದ ತಪ್ಪೊಪ್ಪಿಗೆಯ ಹಾಳೆಯನ್ನು ಎಳೆದುಕೊಂಡು ಹರಿದರು. ಅವಳು ಅದನ್ನು ನೋಡಲೂ ಇಲ್ಲ. "ಇದನ್ನ ಏನ್ ಮಾಡ್ಲಿ ಡಾಕ್ಟರಮ್ಮ?" ಎಂದು ಬಟ್ಟೆ ಬಿಚ್ಚಿದಳು.

ಡಾಕ್ಟರಮ್ಮ ಇನ್ನೊಂದು ಬೋಗುಣಿಗೆ ನೀರು ಸುರಿದು, ಉಗುರು ಬೆಚ್ಚಗಿದೆಯೇ ಎಂದು ಮೊಣಕೈಯಿಂದ ಮುಟ್ಟಿ ನೋಡಿದರು. ಹುಡುಗಿ ಎಂಟನೆಯದನ್ನು ತೇಲಿಬಿಟ್ಟಳು. ನೀರಿನ ಅಲೆ ನಿಂತಿತು. ಆಗ ಮೊಟ್ಟೆ ತನ್ನಷ್ಟಕ್ಕೆ ತಾನೇ ಒಮ್ಮೆ ಅಲುಗಿತು. ಮತ್ತೆ ಅಲುಗಿತು.

ಹುಡುಗಿ ಅಳುತ್ತಲೇ ಅದನ್ನೆತ್ತಿ ಒರೆಸಿ, ತನ್ನ ಕಿವಿಗಿಟ್ಟುಕೊಂಡಳು. ಆಮೇಲೆ ತಲೆತಗ್ಗಿಸಿ ಕೂತಿದ್ದ ಸ್ಟೋರ್‌ಕೀಪರನ ಕಿವಿಗೆ ಹಿಡಿದಳು. "ಕೇಳಿ ಅಣ್ಣ."

ಕ್ಯಾಂಟೀನು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಒಳಗಿನ ಸಣ್ಣ ಚಿಂವ್ ನನಗೂ ಕೇಳಿಸಿತು. ಕೊನೆಗೂ ಒಬ್ಬರು ಉಸಿರೆತ್ತಿದ್ದರು.